ಗರಾಜಿನೊಳಗೊಂದು ವಾಲಿದ ಕೋಣೆ: ಹಳೇ ಫನ್‌ಹೌಸ್ ಆಟಗಳನ್ನು ಕೈಯಾರೆ ಕಟ್ಟಿದ್ದು

ಈ ಸಲ ಭೂತದ ವೇಷದ ಹಬ್ಬ ಹ್ಯಾಲೋವೀನ್ ಹೊತ್ತಿಗೆ ನಮ್ಮ ಗರಾಜು ಫನ್‌ಹೌಸ್ ಆಯಿತು, ಅಂದರೆ ಒಳಗೆ ನಡೆದು ಹೋಗುವವರ ಕಾಲಿಗೆ, ಕಣ್ಣಿಗೆ ಮೋಸ ಮಾಡುವ ಮೋಜಿನ ಮನೆ. ಎರಡು ಕಾರು ನಿಲ್ಲುವ ಜಾಗ, 20 ಅಡಿಗೆ 20 ಅಡಿ. ಒಂದು ಬಾಗಿಲಿಂದ ಒಳಗೆ ಬಂದು, ಸುತ್ತು ಹಾಕಿ, ಇನ್ನೊಂದು ಬಾಗಿಲಿಂದ ಹೊರಗೆ ಹೋಗಬೇಕು. ಮೊದಲು ಮೆತ್ತನೆಯ ನೆಲ. ಆಮೇಲೆ ಹಿಂದೆ ಮುಂದೆ ಸರಿಯುವ ಎರಡು ಹಲಗೆ. ತಿರುವಿನಲ್ಲಿ ವಾಲಿದ ಕೋಣೆ. ಕೊನೆಗೆ ಡೊಂಕು ಕನ್ನಡಿಗಳು. ಅಸ್ಥಿಪಂಜರ ಇಲ್ಲ, ರಕ್ತ ಇಲ್ಲ, ಕತ್ತಲಲ್ಲಿ ಮೈಮೇಲೆ ಹಾರುವವರು ಯಾರೂ ಇಲ್ಲ.

ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ. ಇಲ್ಲಿಂದ ಸ್ವಲ್ಪ ದೂರದ ವೆಸ್ಟ್ ಮಿಫ್ಲಿನ್‌ನಲ್ಲಿ ಕೆನ್ನಿವುಡ್ ಪಾರ್ಕ್ ಇದೆ. 1898ರಲ್ಲಿ ಟ್ರಾಲಿ (ಟ್ರಾಮ್) ಕಂಪನಿಯವರು ತಮ್ಮ ಲೈನಿನ ಪಕ್ಕದಲ್ಲಿ ಶುರು ಮಾಡಿದ ಪಾರ್ಕು ಅದು. ಅಲ್ಲಿ 1936ರಲ್ಲಿ ಕಟ್ಟಿದ 'ನೋಹನ ನಾವೆ' ಎಂಬ ಫನ್‌ಹೌಸ್ ಇವತ್ತಿಗೂ ನಡೆಯುತ್ತಿದೆ, ಬೈಬಲ್ಲಿನ ಪ್ರಳಯದ ಕಥೆಯಲ್ಲಿ ಬರುವ ದೋಣಿಯ ಹೆಸರು ಅದು. ಗುಡ್ಡದ ಹಾಗೆ ಕಟ್ಟಿದ ಬುಡದ ಮೇಲೆ ಒಂದು ದೊಡ್ಡ ದೋಣಿ. ಒಳಗೆ ಜನ ನಡೆಯುತ್ತಿರುವಾಗಲೇ ಆ ದೋಣಿ ಅತ್ತಿತ್ತ ತೂಗುತ್ತಿರುತ್ತದೆ. ಅದೇ 1936ರ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್‌ಗೆ ಭಾರಿ ಪ್ರವಾಹ ಬಂದಿತ್ತು, ನದಿ ನೀರು 46 ಅಡಿಯ ಮಟ್ಟ ಮುಟ್ಟಿತ್ತು. ಅಂಥಾ ವರ್ಷ ಊರಿನವರು ನೋಹನ ದೋಣಿ ಹತ್ತಿ ನಕ್ಕಿದ್ದಾರೆ!

ಈ ಥರದ ದೋಣಿಯನ್ನು ಮೊದಲು ಮಾಡಿದ್ದು ಲೆರಾಯ್ ರೇಮಂಡ್ ಎಂಬಾತ, 1919ರಲ್ಲಿ, ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ. ಆಮೇಲೆ ಬೇರೆ ಬೇರೆ ಪಾರ್ಕುಗಳಲ್ಲಿ ಇಂಥವು ಎದ್ದವು. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ 1922ರಲ್ಲಿ ಒಂದು ಬಂತು. ಈಗ ಅಮೆರಿಕದಲ್ಲಿ ಉಳಿದಿರುವುದು ಕೆನ್ನಿವುಡ್‌ನದು ಮಾತ್ರ. ಅದಕ್ಕೆ 1969ರಲ್ಲಿ ತಿಮಿಂಗಿಲದ ಬಾಯಿಯ ಬಾಗಿಲು ಇಟ್ಟರು. ಮೆತ್ತನೆಯ ನಾಲಿಗೆ ತುಳಿದುಕೊಂಡು ಒಳಗೆ ಹೋಗಬೇಕಿತ್ತು. 1996ರ ದುರಸ್ತಿಯಲ್ಲಿ ಆ ಬಾಯಿಯನ್ನು ತೆಗೆದುಹಾಕಿ, ಕೆಳಗೆ ಬೀಳುವ ಹಾಗನ್ನಿಸುವ ಒಂದು ಲಿಫ್ಟ್ ಹಾಕಿದರು. ಜನ ತಿಮಿಂಗಿಲವನ್ನು ಮರೆಯಲಿಲ್ಲ. 2016ರಲ್ಲಿ ನಾವೆಗೆ 80 ವರ್ಷ ತುಂಬಿದಾಗ ತಿಮಿಂಗಿಲ ವಾಪಸ್ ಬಂತು, ನಾಲಿಗೆ ಸಮೇತ.

ಆ ನಾಲಿಗೆ ಮೇಲೆ ನನ್ನ ಮಗಳು ಕಾಲಿಟ್ಟಾಗ ಮಾಡಿದ ಮುಖ ನೋಡಬೇಕಿತ್ತು. ಅವಳಿಗೆ ಯಾರೂ ಏನೂ ತೋರಿಸಿರಲಿಲ್ಲ, ಕಥೆ ಹೇಳಿರಲಿಲ್ಲ. ನೆಲ ಕುಸಿಯಿತು ಅಷ್ಟೇ. ಹಳೇ ಫನ್‌ಹೌಸ್‌ಗಳ ಜೀವಾಳ ಇದೇ ಅಂತ ನನಗನ್ನಿಸುತ್ತದೆ. ಅಲ್ಲಿ ಆಟ ನಡೆಯುವುದು ಕಾಲಿನಲ್ಲಿ, ಒಳಕಿವಿಯಲ್ಲಿ, ಹೊಟ್ಟೆಯಲ್ಲಿ. ಈಗಿನ ಪಾರ್ಕುಗಳಲ್ಲಿ ನಮ್ಮನ್ನು ಬೆಲ್ಟ್ ಕಟ್ಟಿ ಕೂರಿಸಿ ಸ್ಕ್ರೀನ್ ತೋರಿಸುತ್ತಾರೆ. ಅದೂ ಚೆನ್ನಾಗಿರುತ್ತದೆ, ಇಲ್ಲ ಅನ್ನಲ್ಲ. ಆದರೆ ನಡೆಯುವವನ ಕಾಲಿಗೇ ಕೆಲಸ ಕೊಡುವ ಆಟ ಒಂದೊಂದಾಗಿ ಹೋಗುತ್ತಿವೆ. ಅದನ್ನು ನಮ್ಮ ಬೀದಿಯ ಮಕ್ಕಳಿಗೆ, ನಮ್ಮ ಕನ್ನಡ ಬಳಗದ ಮಕ್ಕಳಿಗೆ ಮುಟ್ಟಿಸಬೇಕು ಅನ್ನುವುದೇ ಈ ಕೆಲಸದ ಉದ್ದೇಶ. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್, ಮಾರನೇ ದಿನವೇ ರಾಜ್ಯೋತ್ಸವ. ಒಂದೇ ಸಲ ಕಟ್ಟಿದರೆ ಎರಡಕ್ಕೂ ಆಯಿತು.

ಕೆಲಸಕ್ಕೆ ಜೊತೆಯಾದವರು ನನ್ನ ಮಾವ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಬೆಲ್ಟು, ಪುಲ್ಲಿ, ಬೇರಿಂಗು ಅಂದರೆ ಅವರಿಗೆ ಊಟದಷ್ಟೇ ಇಷ್ಟ. ಮಗಳ ಮನೆಗೆ ಬಂದು ಸುಮ್ನೆ ಕೂತು ಬೇಜಾರಾಗಿದ್ದರು.

ಅಲ್ಲಾಡುವ ಹಲಗೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ. ಹಳೇ ಪಾರ್ಕುಗಳಲ್ಲಿ ಇದಕ್ಕೆ ಶಫಲ್ ಬೋರ್ಡ್ ಅಂತಾರೆ. ಪಕ್ಕಪಕ್ಕದಲ್ಲಿ ಎರಡು ಉದ್ದ ಹಲಗೆ, ಎಡಗಾಲಿಗೊಂದು ಬಲಗಾಲಿಗೊಂದು. ಒಂದು ಮುಂದೆ ಹೋದಾಗ ಇನ್ನೊಂದು ಹಿಂದೆ ಬರುತ್ತದೆ. ನಡೆಯುವವನು ಒಂದು ಹೆಜ್ಜೆ ಇಡುವಷ್ಟರಲ್ಲಿ ಹಲಗೆ ಇನ್ನೊಂದು ಹೆಜ್ಜೆಯನ್ನು ತಾನೇ ಇಡಿಸಿರುತ್ತದೆ.

ಹಲಗೆಗೆ ಟೂ-ಬೈ-ಟ್ವೆಲ್ವ್ ಮರ, 6 ಅಡಿ ಉದ್ದ. ಹೆಸರಿಗೆ ಎರಡಿಂಚು ಹನ್ನೆರಡಿಂಚು, ಅಳೆದರೆ ಒಂದೂವರೆ ಇಂಚು ದಪ್ಪ, ಹನ್ನೊಂದೂಕಾಲು ಇಂಚು ಅಗಲ. ಇಲ್ಲಿ ಮರ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಎಲ್ಲ ಅಳತೆಯೂ ಹಾಳು. ಪ್ರತಿ ಹಲಗೆಯ ಅಡಿಗೆ ಅಂಚಿನಲ್ಲಿ ತೋಡು ಇರುವ ನಾಲ್ಕು ಚಕ್ರ. ಆ ಚಕ್ರಗಳು ತಲೆಕೆಳಗಾಗಿ ಮಲಗಿಸಿದ ಕಬ್ಬಿಣದ ಆಂಗಲ್ (ಎಲ್ ಆಕಾರದ ಪಟ್ಟಿ) ಮೇಲೆ ಓಡುತ್ತವೆ. ಹಾಗಾಗಿ ಹಲಗೆ ಅಕ್ಕಪಕ್ಕ ಸರಿಯುವುದಿಲ್ಲ, ಹಿಂದೆ ಮುಂದೆ ಮಾತ್ರ.

ಓಡಿಸಲು ಕಾಲು ಎಚ್‌ಪಿ ಮೋಟಾರು, ನಿಮಿಷಕ್ಕೆ 1725 ಸುತ್ತು. ಅದರಿಂದ ವಿ-ಬೆಲ್ಟಿನ ಮೂಲಕ ಒಂದು ವರ್ಮ್ ಗೇರ್‌ಬಾಕ್ಸಿಗೆ. ಗೇರ್‌ಬಾಕ್ಸು 60ಕ್ಕೆ 1. ಹೊರಗೆ ಬರುವ ಶಾಫ್ಟು ನಿಮಿಷಕ್ಕೆ ಸುಮಾರು 29 ಸುತ್ತು. ಶಾಫ್ಟಿನ ಎರಡೂ ತುದಿಗೆ ಒಂದೊಂದು ಕಬ್ಬಿಣದ ಬಿಲ್ಲೆ. ಬಿಲ್ಲೆಯಲ್ಲಿ ನಡುವಿನಿಂದ 1 ಇಂಚು, ಒಂದೂವರೆ ಇಂಚು, 2 ಇಂಚು ದೂರದಲ್ಲಿ ತೂತು. ಯಾವ ತೂತಿಗೆ ಪಿನ್ ಹಾಕುತ್ತೇವೋ ಅದರ ಎರಡರಷ್ಟು ಹಲಗೆ ಸರಿಯುತ್ತದೆ. ಒಂದು ಬಿಲ್ಲೆಯ ಪಿನ್ ಮೇಲಿದ್ದರೆ ಇನ್ನೊಂದರದ್ದು ಕೆಳಗೆ, ನೇರ ವಿರುದ್ಧ ದಿಕ್ಕಿಗೆ.

ಮಾವ ಇದನ್ನು ನೋಡಿದ ಕೂಡಲೇ ಹೇಳಿದರು, "ಇದು ನಮ್ಮ ಸೆಪರೇಟರ್ ಅಲ್ಲೇನ್ರಿ ಅಳಿಯಂದ್ರ?" ಭತ್ತ ಮತ್ತು ಅಕ್ಕಿಯನ್ನು ಬೇರ್ಪಡಿಸಲು ಮಿಲ್ಲಿನಲ್ಲಿ ಒಂದು ಅಲ್ಲಾಡುವ ಮೇಜು ಇರುತ್ತದಲ್ಲ, ಅದನ್ನು ಓಡಿಸುವುದೂ ಇದೇ ಥರದ ಕ್ರ್ಯಾಂಕು, ಅಂದರೆ ಪಿನ್ ಹಾಕಿದ ತಿರುಗುವ ಬಿಲ್ಲೆ. ಅವರ ಅನುಭವದಲ್ಲಿ ಆ ಮಷೀನಿನ ದೊಡ್ಡ ತೊಂದರೆ ಅಂದರೆ ನಡುಕ. ಅಡಿಪಾಯ ಸರಿಯಿಲ್ಲದಿದ್ದರೆ ಗೋಡೆಯೇ ಅದುರುತ್ತದೆ. ನಮ್ಮದರಲ್ಲಿ ಎರಡು ಹಲಗೆ ಎದುರುಬದುರು ಓಡುವುದರಿಂದ ಒಂದರ ಒದೆತವನ್ನು ಇನ್ನೊಂದು ಹೊಡೆದುಹಾಕುತ್ತದೆ. ಗರಾಜಿನ ಕಾಂಕ್ರೀಟಿಗೆ ಒಂದು ಬೋಲ್ಟನ್ನೂ ಹೊಡೆಯದೆ ಇಡೀ ಚೌಕಟ್ಟು ಸುಮ್ಮನೆ ಕೂತಿತು. ಚೌಕಟ್ಟಿನ ಮೇಲೆ ನೀರಿನ ಲೋಟ ಇಟ್ಟು ಮಾವ ಪರೀಕ್ಷೆ ಮಾಡಿದರು. ನೀರು ಸಣ್ಣಗೆ ನಡುಗಿತು, ತುಳುಕಲಿಲ್ಲ.

ಎಷ್ಟು ವೇಗ ಬೇಕು? ನಿಮಿಷಕ್ಕೆ 29 ಸುತ್ತು, 2 ಇಂಚಿನ ಕ್ರ್ಯಾಂಕು ಅಂದರೆ ಹಲಗೆಯ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 6 ಇಂಚು. ಕಾಲಿಗೆ ಬೀಳುವ ಎಳೆತ ನಮ್ಮ ತೂಕದ ನೂರಕ್ಕೆ ಐದರಷ್ಟೂ ಇಲ್ಲ. ಪಕ್ಕದ ಹಿಡಿಕಂಬಿ ಹಿಡಿದರೆ ಐದು ವರ್ಷದ ಮಗುವೂ ದಾಟುತ್ತದೆ. ಪುಲ್ಲಿ ಬದಲಿಸಿ 45 ಸುತ್ತಿಗೆ ಏರಿಸಿ ನೋಡಿದೆವು. ವೇಗ ಒಂದೂವರೆಯಷ್ಟಾದರೆ ಎಳೆತ ಎರಡೂಕಾಲರಷ್ಟು ಆಗುತ್ತದೆ, ಯಾಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನನ್ನ ಹೆಂಡತಿ ಹತ್ತಿ ಎರಡೇ ಹೆಜ್ಜೆಗೆ ಇಳಿದಳು. "ಇದು ಆಟ ಅಲ್ಲ, ಜಗಳ" ಅಂದಳು. ಸರಿಯಾದ ಮಾತು. ಮತ್ತೆ 29ಕ್ಕೇ ಬಂದೆವು.

ಇನ್ನು ಬೆರಳು. ಸರಿಯುವ ಎರಡು ವಸ್ತುಗಳ ನಡುವೆ ಎಲ್ಲೇ ಸಂದು ಇದ್ದರೂ ಮಗುವಿನ ಬೆರಳು ಅಲ್ಲಿಗೇ ಹೋಗುತ್ತದೆ. ಎರಡು ಹಲಗೆಗಳ ನಡುವೆ 4 ಮಿಲಿಮೀಟರ್ ಬಿಟ್ಟು, ಅಂಚುಗಳನ್ನು ಉಪ್ಪುಕಾಗದ ಹಾಕಿ ಉಜ್ಜಿ ಗುಂಡಾಗಿಸಿದೆವು. ತುದಿಗಳದ್ದು ಇನ್ನೂ ಮುಖ್ಯ. ಹಲಗೆಯ ತುದಿ ಎದುರಿನ ನೆಲಕ್ಕೆ ಬಂದು ತಾಗುವ ಹಾಗೆ ಇಟ್ಟರೆ ಅದು ಕತ್ತರಿ ಆಗುತ್ತದೆ. ಅದಕ್ಕೇ ಹಲಗೆ ಒಂದು ಕಬ್ಬಿಣದ ತಗಡಿನ ಅಡಿಗೆ ನುಗ್ಗಿ ಹೊರಬರುವ ಹಾಗೆ ಮಾಡಿದೆವು. ಕಾಲಿಗೆ ಸಿಗುವುದು ತಗಡು ಮಾತ್ರ, ತುದಿ ಕಣ್ಣಿಗೇ ಬೀಳುವುದಿಲ್ಲ.

ಅಷ್ಟಾದರೂ ಏನಾದರೂ ಸಿಕ್ಕಿಕೊಂಡರೆ? ಈ ಮೋಟಾರು ಮತ್ತು ಗೇರ್‌ಬಾಕ್ಸು ಸೇರಿ ಹಲಗೆಯನ್ನು 150 ಪೌಂಡಿಗಿಂತ ಜಾಸ್ತಿ ಬಲದಿಂದ ತಳ್ಳಬಲ್ಲವು. ಅದು ಅಪಾಯ. ಇಲ್ಲಿ ಮಾವನ ಮಿಲ್ಲಿನ ಬುದ್ಧಿ ಕೆಲಸಕ್ಕೆ ಬಂತು. ಅವರ ಕಾಲದಲ್ಲಿ ಒಂದೇ ಉದ್ದ ಶಾಫ್ಟಿನಿಂದ ಚಪ್ಪಟೆ ಬೆಲ್ಟುಗಳು ಎಲ್ಲಾ ಮಷೀನಿಗೂ ಇಳಿಯುತ್ತಿದ್ದವು. ಕಲ್ಲೋ ಕಬ್ಬಿಣವೋ ಸಿಕ್ಕಿದರೆ ಬೆಲ್ಟು ಜಾರುತ್ತಿತ್ತು, ಮಷೀನು ಉಳಿಯುತ್ತಿತ್ತು. ನಾವೂ ಬೆಲ್ಟನ್ನು ಬೇಕೆಂತಲೇ ಸಡಿಲ ಬಿಟ್ಟೆವು. ಎಷ್ಟು ಸಡಿಲ ಅನ್ನುವುದಕ್ಕೆ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ತಂದು, ಹಲಗೆಗೆ ಒಂದು ತುದಿ, ಗೋಡೆಯ ಕಂಬಕ್ಕೆ ಇನ್ನೊಂದು ತುದಿ ಕಟ್ಟಿದೆವು. ಮೋಟಾರು ಹಾಕಿದಾಗ ತಕ್ಕಡಿ 45 ಪೌಂಡ್ ತೋರಿಸಿ ಬೆಲ್ಟು ಕಿರುಗುಟ್ಟಿತು. ಇನ್ನಷ್ಟು ಸಡಿಲಿಸಿ 30ಕ್ಕೆ ಇಳಿಸಿದೆವು. ಇಬ್ಬರು ದೊಡ್ಡವರು ನಿಂತರೂ ಹಲಗೆ ಓಡುತ್ತದೆ, ಒಂದು ಶೂ ಅಡ್ಡ ಸಿಕ್ಕರೆ ನಿಲ್ಲುತ್ತದೆ.

ವರ್ಮ್ ಗೇರಿಗೆ ಇನ್ನೊಂದು ಗುಣ ಇದೆ. ಕರೆಂಟು ತೆಗೆದ ಮೇಲೆ ಹಲಗೆಯನ್ನು ಕೈಯಿಂದ ತಳ್ಳಿ ಹಿಂದೆ ಸರಿಸಲು ಆಗುವುದಿಲ್ಲ, ಗೇರು ಹಿಡಿದುಕೊಳ್ಳುತ್ತದೆ. ಯಾರಾದರೂ ಸಿಕ್ಕಿಕೊಂಡಿದ್ದರೆ ಬಿಡಿಸುವುದು ಹೇಗೆ? ಅದಕ್ಕೆ ಕ್ರ್ಯಾಂಕಿಗೆ ಸೇರುವ ರಾಡಿನ ತುದಿಯಲ್ಲಿ ಬೋಲ್ಟಿನ ಬದಲು ಒಂದೇ ಎಳೆತಕ್ಕೆ ಬರುವ ಪಿನ್. ಪಿನ್ನಿಗೆ ಕೆಂಪು ದಾರ. ಅದನ್ನು ಎಳೆದರೆ ಹಲಗೆ ಬಿಡುಗಡೆ. ಕೆಂಪು ಗುಂಡಿಯ ಸ್ವಿಚ್ಚು ಎರಡು, ಹಲಗೆಯ ಈ ತುದಿಗೊಂದು ಆ ತುದಿಗೊಂದು. ಕರೆಂಟು ಹೋಗಿ ಬಂದರೆ ಮೋಟಾರು ತಾನೇ ಶುರುವಾಗದ ಹಾಗೆ ಕಾಂಟ್ಯಾಕ್ಟರ್ ಹಾಕಿದೆವು. ಇದನ್ನು ಯಾರಾದರೂ ಮಾಡುವುದಾದರೆ ದಯವಿಟ್ಟು ಈ ಮೂರನ್ನು ಬಿಡಬೇಡಿ: ಜಾರುವ ಬೆಲ್ಟು, ಎಳೆಯುವ ಪಿನ್ನು, ತಾನಾಗಿ ಶುರುವಾಗದ ಮೋಟಾರು.

ವಾಲಿದ ಕೋಣೆ

ಮೋಟಾರಿಲ್ಲ, ಬೆಲ್ಟಿಲ್ಲ, ಖರ್ಚೂ ಕಡಿಮೆ. ಆದರೂ ಮಕ್ಕಳು ಅತಿ ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಹತ್ತಿರ ಮಿಸ್ಟರಿ ಸ್ಪಾಟ್ ಅಂತ ಒಂದು ಜಾಗ ಇದೆ, ಎಷ್ಟೋ ದಶಕದಿಂದ ಜನ ಟಿಕೆಟ್ ಕೊಟ್ಟು ನೋಡುತ್ತಿದ್ದಾರೆ. ಅಲ್ಲಿ ಗುರುತ್ವಾಕರ್ಷಣೆಯೇ ಬೇರೆ ಥರ ಅಂತ ಹೇಳುತ್ತಾರೆ. ಅಲ್ಲಿ ನಿಜವಾಗಿ ಇರುವುದು ಇಳಿಜಾರಿನಲ್ಲಿ ವಾಲಿದ ಒಂದು ಮರದ ಮನೆ. ಹಳೇ ಫನ್‌ಹೌಸ್‌ಗಳ ವಾಲಿದ ಕೋಣೆಯೂ ಅದೇ ಜಾತಿ.

ನಮ್ಮ ಒಳಕಿವಿಗೆ ಕೆಳಗೆ ಯಾವುದು ಅಂತ ಗೊತ್ತಾಗುತ್ತದೆ. ಕಣ್ಣಿಗೆ ಗೋಡೆ, ಕಿಟಕಿ, ಮೇಜು ನೋಡಿ ಗೊತ್ತಾಗುತ್ತದೆ. ಇಬ್ಬರೂ ಬೇರೆ ಬೇರೆ ಉತ್ತರ ಹೇಳಿದರೆ ಮಿದುಳು ಬಹಳ ಸಲ ಕಣ್ಣಿನ ಮಾತನ್ನೇ ಕೇಳುತ್ತದೆ. ಆಗ ನಾವು ನೇರ ನಿಂತಿದ್ದರೂ ಯಾರೋ ಪಕ್ಕಕ್ಕೆ ಎಳೆದ ಹಾಗೆ ಅನ್ನಿಸುತ್ತದೆ.

ನಮ್ಮ ಕೋಣೆ 8 ಅಡಿ ಉದ್ದ, 4 ಅಡಿ ಅಗಲ. ಅಗಲಕ್ಕೆ 10 ಡಿಗ್ರಿ ವಾಲಿಸಿದೆವು. ಅಂದರೆ ನೆಲದ ಒಂದು ಅಂಚು ಇನ್ನೊಂದಕ್ಕಿಂತ ಸುಮಾರು ಎಂಟೂಕಾಲು ಇಂಚು ಎತ್ತರ. ಕೇಳಲು ಕಡಿಮೆ ಅನ್ನಿಸುತ್ತದೆ, ನಿಂತರೆ ಗೊತ್ತಾಗುತ್ತದೆ. ಗಾಲಿಕುರ್ಚಿಯ ಇಳಿಜಾರಿಗೆ ಇಲ್ಲಿ ಬಿಡುವುದು 12ಕ್ಕೆ 1, ಅದು 5 ಡಿಗ್ರಿಯೂ ಅಲ್ಲ. ಅದರ ಎರಡರಷ್ಟು, ಅದೂ ಪಕ್ಕಕ್ಕೆ. ಇದಕ್ಕಿಂತ ಜಾಸ್ತಿ ವಾಲಿಸಿದರೆ ಒದ್ದೆ ಶೂ ಹಾಕಿದವರು ಜಾರುತ್ತಾರೆ. ನೆಲದ ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ಬಳಿದೆವು. ಎರಡೂ ಕಡೆ ಹಿಡಿಕಂಬಿ.

ಈ ಕೋಣೆಯಲ್ಲಿ ಬೆಳಕು ಚೆನ್ನಾಗಿ ಇರಬೇಕು. ಕತ್ತಲು ಮಾಡಿದರೆ ಕಣ್ಣಿಗೆ ಸಾಕ್ಷಿಯೇ ಇರುವುದಿಲ್ಲ, ಬರೀ ಸೊಟ್ಟ ನೆಲ ಉಳಿಯುತ್ತದೆ. ಗೋಡೆಗೆ ನೆಲಕ್ಕೆ ಸಮನಾಗಿ ಓಡುವ ದಪ್ಪ ಪಟ್ಟೆ ಬಳಿದೆವು. ಒಂದು ಸುಳ್ಳು ಕಿಟಕಿ, ಎರಡು ಫೋಟೋ ಫ್ರೇಮು, ಎಲ್ಲವೂ ಗೋಡೆಗೆ ನೇರ. ಬಲ್ಬು ವೈರಿನಲ್ಲಿ ಜೋತಾಡಿದರೆ ನಿಜ ಹೇಳಿಬಿಡುತ್ತದೆ. ಹಾಗಾಗಿ ಗಟ್ಟಿ ರಾಡಿಗೆ ಸಿಕ್ಕಿಸಿ, ಆ ರಾಡನ್ನು ವಾಲಿದ ಮಾಡಿಗೆ ಚೌಕವಾಗಿ ಕೂರಿಸಿದೆವು. ಹೊರಗಿನ ಗರಾಜಿನ ಒಂದೇ ಒಂದು ಕಂಬ ಸಂದಿನಲ್ಲಿ ಕಂಡರೂ ಆಟ ಮುಗಿಯಿತು. ಬಾಗಿಲಿಗೆ ಎರಡು ಪದರದ ಪರದೆ, ಅದಕ್ಕೂ ಮೊದಲು 5 ಡಿಗ್ರಿ ವಾಲಿದ ಒಂದು ಸಣ್ಣ ತುಂಡು ನೆಲ. ಒಮ್ಮೆಲೇ ವಾಲಿದರೆ ಜನ ಎಚ್ಚರ ಆಗುತ್ತಾರೆ, ಸ್ವಲ್ಪ ಸ್ವಲ್ಪವಾಗಿ ವಾಲಿದರೆ ಗೊತ್ತೇ ಆಗುವುದಿಲ್ಲ.

ಗೋಡೆಗೆ ಚೆಂಡು ಉರುಳಲು ಒಂದು ದೋಣಿ (ಮಾಡಿನ ನೀರು ಹರಿಯುವ ದೋಣಿಯ ಥರದ್ದು) ಹಾಕಿದೆವು, ಅಲ್ಯೂಮಿನಿಯಂ ಆಂಗಲ್, 3 ಅಡಿ. ಕೋಣೆಯ ನೆಲಕ್ಕೆ ಹೋಲಿಸಿದರೆ ಅದು 4 ಡಿಗ್ರಿ ಏರು. ಆದರೆ ಕೋಣೆಯೇ ಆ ಕಡೆಗೆ 10 ಡಿಗ್ರಿ ಇಳಿದಿದೆ. ಉಳಿಯುವುದು 6 ಡಿಗ್ರಿ ಇಳಿಜಾರು. ಕಣ್ಣಿಗೆ ಏರಿನಂತೆ ಕಾಣುವ ದಾರಿಯಲ್ಲಿ ಗಾಲ್ಫ್ ಚೆಂಡು ಮೇಲಕ್ಕೆ ಉರುಳುತ್ತದೆ, ಕೊನೆಯಲ್ಲಿ ಡಬ್ಬದೊಳಗೆ ಟಣ್ ಅಂತ ಬೀಳುತ್ತದೆ. ನಮ್ಮ ಬೀದಿಯ ಒಬ್ಬ ಹುಡುಗ ಚೆಂಡನ್ನು ಡಬ್ಬದಿಂದ ತೆಗೆದು ಮತ್ತೆ ಮತ್ತೆ ಇಟ್ಟ. ಆಮೇಲೆ ತನ್ನ ಜೇಬಿನ ಪೆನ್ಸಿಲ್ ಇಟ್ಟು ನೋಡಿದ. ಅದೂ ಉರುಳಿತು. "ಚೆಂಡಿನೊಳಗೆ ಬ್ಯಾಟರಿ ಇಲ್ಲ" ಅಂತ ತಂಗಿಗೆ ಹೇಳಿದ.

ಕೋಣೆ ಎದ್ದ ದಿನ ಮಾವ ತಮ್ಮ ತೂಕದ ಗುಂಡು ತಂದರು. ಗಾರೆ ಕೆಲಸದವರು ಗೋಡೆ ನೇರ ನೋಡುವ, ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡು. ಒಳಗೆ ಹೋಗಿ, ಗೋಡೆಯ ಪಕ್ಕ ದಾರ ಬಿಟ್ಟರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಳಗಿಂದಲೇ ಕೂಗಿದರು, "ಗ್ವಾಡಿ ನೆಟ್ಟಗೈತಿ, ಗುಂಡ ಸೊಟ್ಟ ಜೋತಾಡಾಕತ್ತೈತಲ್ರಿ!" ಕೋಣೆಯ ಅಳತೆ ಪ್ರತಿಯೊಂದೂ ಅವರೇ ಹಾಕಿದ್ದು. ಆದರೂ ಕಣ್ಣು ಅವರನ್ನು ಬಿಡಲಿಲ್ಲ. ಆ ಗುಂಡನ್ನು ಅಲ್ಲೇ, ಹೊರಹೋಗುವ ಬಾಗಿಲ ಹತ್ತಿರ ಮೊಳೆಗೆ ಕಟ್ಟಿಬಿಟ್ಟೆವು. ಆ ಕೋಣೆ ದಾಟಿ ಹೊರಡುವವರಿಗೆ ನಿಜ ತೋರಿಸುವ ವಸ್ತು ಅದೊಂದೇ, ಅದೇ ಸೊಟ್ಟಗೆ ಕಾಣುತ್ತದೆ.

ನಾಲಿಗೆ, ಕನ್ನಡಿ, ಗಾಳಿ, ನಗು

ಮೆತ್ತನೆಯ ನೆಲಕ್ಕೆ ಫೋಮ್ ಹಾಕಲಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಲಾರಿ ಟಯರಿನ ಟ್ಯೂಬುಗಳಿಗೆ ಅರ್ಧ ಗಾಳಿ ತುಂಬಿ, ಮೇಲೆ ಪ್ಲೈವುಡ್ ತುಂಡುಗಳು, ಅದರ ಮೇಲೆ ಕುದುರೆ ಲಾಯಕ್ಕೆ ಹಾಸುವ ದಪ್ಪ ರಬ್ಬರ್ ಚಾಪೆ. ಕಾಲಿಟ್ಟರೆ ಎರಡು ಇಂಚು ಕುಸಿದು, ಪಕ್ಕದ ತುಂಡು ಮೇಲೇಳುತ್ತದೆ.

ಕನ್ನಡಿಗೆ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆ. ಮರದ ಪಕ್ಕೆಗಳನ್ನು ಕಮಾನಾಗಿ ಕೊಯ್ದು ಹಾಳೆಯನ್ನು ಬಗ್ಗಿಸಿ ಕೂರಿಸಿದೆವು. ಮೇಲಿಂದ ಕೆಳಕ್ಕೆ ಉಬ್ಬಿದ್ದರೆ ಕುಳ್ಳಗೆ ದಪ್ಪಗೆ ಕಾಣುತ್ತೇವೆ, ತಗ್ಗಿದ್ದರೆ ಉದ್ದಗೆ. ತಗ್ಗು ಕನ್ನಡಿಯಲ್ಲಿ ದೂರದ್ದೇ ಮುಖ್ಯ. ಕಮಾನಿನ ತ್ರಿಜ್ಯ 12 ಅಡಿ ಇಟ್ಟರೆ 6 ಅಡಿಗಿಂತ ಹತ್ತಿರ ನಿಲ್ಲಬೇಕು, ಅದಕ್ಕಿಂತ ದೂರ ಹೋದರೆ ಮಸುಕು, 12 ಅಡಿ ದಾಟಿದರೆ ತಲೆಕೆಳಗು. ನಾವು ನಿಲ್ಲುವ ಜಾಗವನ್ನು 3 ಅಡಿಗೆ ಗುರುತು ಹಾಕಿದೆವು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಇಂಥ ಕನ್ನಡಿ ಮುಂದೆ ಕುಣಿದವರಿಗೆ ಇದು ಹೊಸದಲ್ಲ.

ಗಾಳಿಯ ಆಟ ಇಟ್ಟುಕೊಂಡೆವಾದರೂ ಹಳೇ ರೀತಿ ಅಲ್ಲ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಜಾರ್ಜ್ ಟಿಲ್ಯೂ 1897ರಲ್ಲಿ ಶುರು ಮಾಡಿದ ಸ್ಟೀಪಲ್‌ಚೇಸ್ ಪಾರ್ಕಿನಲ್ಲಿ ನೆಲದಿಂದ ಗಾಳಿ ಊದಿ ಹೆಂಗಸರ ಲಂಗ ಹಾರಿಸುತ್ತಿದ್ದರು, ಅದನ್ನು ನೋಡಲು ಬೆಂಚು ಹಾಕಿ ಜನ ಕೂರುತ್ತಿದ್ದರು. ಹಳೆಯದೆಲ್ಲ ಉಳಿಯಬೇಕಾಗಿಲ್ಲ. ನಮ್ಮ ಗಾಳಿ ಕಾಲ್ಬೆರಳಿಗೆ ಮಾತ್ರ, ವ್ಯಾಕ್ಯೂಮ್ ಕ್ಲೀನರ್‌ನ ಹಿಂದುಗಡೆಯ ಪೈಪಿನಿಂದ.

ಹಳೇ ಫನ್‌ಹೌಸ್ ಬಾಗಿಲಲ್ಲಿ ಲಾಫಿಂಗ್ ಸ್ಯಾಲ್ ಅನ್ನುವ ದೊಡ್ಡ ಗೊಂಬೆ ಮೈ ಅಲ್ಲಾಡಿಸುತ್ತಾ ನಗುತ್ತಿರುತ್ತಿತ್ತು. 1930ರ ದಶಕದಲ್ಲಿ ಫಿಲಡೆಲ್ಫಿಯಾ ಟೊಬಾಗನ್ ಕಂಪನಿ ಮಾರುತ್ತಿದ್ದ ಗೊಂಬೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ಲೇಲ್ಯಾಂಡ್ 1972ರಲ್ಲಿ ಮುಚ್ಚಿದರೂ ಒಂದು ಸ್ಯಾಲ್ ಆ ಊರಿನ ಮ್ಯೂಸೆ ಮೆಕಾನಿಕ್‌ನಲ್ಲಿ ಇನ್ನೂ ನಗುತ್ತಿದ್ದಾಳೆ. ನಮಗೆ ಗೊಂಬೆ ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಅತ್ತೆಯವರಿಗೆ ಗಂಗಾವತಿಗೆ ಫೋನ್ ಮಾಡಿ, ಮಾವನ ಹಳೇ ಕಥೆ ತೆಗೆದು, ಅವರು ಬಿದ್ದು ಬಿದ್ದು ನಕ್ಕಿದ್ದನ್ನು ರೆಕಾರ್ಡ್ ಮಾಡಿಕೊಂಡೆವು, ಅವರ ಒಪ್ಪಿಗೆ ಪಡೆದೇ. ಬಾಗಿಲಿನ ಸ್ಪೀಕರಿನಲ್ಲಿ ಅದೇ ನಗು. ಬೀದಿಯ ಆ ತುದಿಯಿಂದ ಜನ ಅದನ್ನು ಕೇಳಿಯೇ ಬಂದರು.

ಬೆಂಕಿ

ಇದನ್ನು ಬರೆಯದೆ ಈ ಕೆಲಸದ ಬಗ್ಗೆ ಬರೆಯಬಾರದು. 1984ರ ಮೇ 11ರಂದು ನ್ಯೂಜೆರ್ಸಿಯ ಗ್ರೇಟ್ ಅಡ್ವೆಂಚರ್ ಪಾರ್ಕಿನ ಹಾಂಟೆಡ್ ಕ್ಯಾಸಲ್‌ಗೆ ಬೆಂಕಿ ಬಿತ್ತು. ಲಾರಿ ಟ್ರೇಲರ್‌ಗಳನ್ನು ಜೋಡಿಸಿ ಮಾಡಿದ, ಜನ ಒಳಗೆ ನಡೆದು ಹೋಗುವ ಭೂತದ ಮನೆ ಅದು. ಒಳಗೆ ಫೋಮ್, ಪ್ಲೈವುಡ್, ಬಟ್ಟೆ, ಕತ್ತಲು. ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಎಂಟು ಜನ ಹದಿಹರೆಯದ ಮಕ್ಕಳು ಸತ್ತರು. ಅದಕ್ಕೆ ಐದು ವರ್ಷ ಮೊದಲು, 1979ರ ಜೂನ್‌ನಲ್ಲಿ, ಸಿಡ್ನಿಯ ಲೂನಾ ಪಾರ್ಕಿನ ಘೋಸ್ಟ್ ಟ್ರೇನ್ ಬೆಂಕಿಯಲ್ಲಿ ಏಳು ಜನ ಹೋಗಿದ್ದರು. ನ್ಯೂಜೆರ್ಸಿಯ ಘಟನೆ ಆದಮೇಲೆ ಅಮೆರಿಕದಲ್ಲಿ ಇಂಥ ಮನೆಗಳ ನಿಯಮ ಬಿಗಿಯಾಯಿತು. ಎಷ್ಟೋ ಹಳೇ ಫನ್‌ಹೌಸ್‌ಗಳು ಆ ಖರ್ಚು ತಾಳಲಾರದೆ ಮುಚ್ಚಿದವು. ಅವು ಹೋದದ್ದಕ್ಕೆ ನನಗೆ ನೋವಿದೆ. ಆದರೆ ಆ ನಿಯಮಗಳು ಬೇಕೇ ಬೇಕಿತ್ತು.

ಆದ್ದರಿಂದ ನಮ್ಮಲ್ಲಿ ಫೋಮ್ ಒಂದು ಚೂರೂ ಇಲ್ಲ. ಪರದೆ ಬೆಂಕಿ ತಡೆಯುವ ಬಟ್ಟೆಯದು, ಅದರ ಒಂದು ತುಂಡಿಗೆ ಹೊರಗೆ ಕಡ್ಡಿ ಗೀರಿ ನೋಡಿಯೇ ಹಾಕಿದ್ದು. ದೀಪ ಎಲ್ಲ ಎಲ್‌ಇಡಿ. ಎಲ್ಲಿ ನಿಂತರೂ 10 ಅಡಿಯೊಳಗೆ ಹೊರಗೆ ಹೋಗುವ ದಾರಿ, ಒಳಗಿನ ಗೋಡೆಗಳಲ್ಲಿ ಎರಡು ತಳ್ಳಿದರೆ ತೆರೆಯುವ ಫಲಕಗಳು. ಒಂದೇ ಸ್ವಿಚ್ಚಿಗೆ ಮೋಟಾರು ನಿಂತು ಗರಾಜಿನ ಎಲ್ಲ ದೀಪ ಹತ್ತುತ್ತದೆ. ಒಳಗೆ ಒಮ್ಮೆಗೆ ಮೂವರು ಮಾತ್ರ. ಬೆಂಕಿ ಆರಿಸುವ ಸಿಲಿಂಡರ್ ಎರಡು. ನಮ್ಮ ಬೀದಿಯಲ್ಲಿ ಅಗ್ನಿಶಾಮಕದಲ್ಲಿ ಸ್ವಯಂಸೇವಕರಾಗಿರುವ ಒಬ್ಬರು ಬಂದು ನಡೆದು ನೋಡಿದರು. ತಳ್ಳುವ ಫಲಕಗಳಿಗೆ ಹೊಳೆಯುವ ಟೇಪು ನೆಲದ ಮಟ್ಟದಲ್ಲೂ ಹಚ್ಚಿ ಅಂದರು, ಹೊಗೆ ತುಂಬಿದರೆ ಜನ ಬಗ್ಗಿ ತೆವಳುತ್ತಾರೆ ಅಂತ. ಹಚ್ಚಿದೆವು.

ಆ ಎರಡು ದಿನ

ಹ್ಯಾಲೋವೀನ್ ಸಂಜೆ ಒಳಗೆ ಹೋದ ದೊಡ್ಡವರು ಮಕ್ಕಳಿಗಿಂತ ಜಾಸ್ತಿ ಕಿರುಚಿದರು. ಶಫಲ್ ಹಲಗೆ ಮೇಲೆ ಮಕ್ಕಳು ಬೇಗ ಕಲಿತುಬಿಡುತ್ತಾರೆ, ಹಲಗೆ ಮುಂದೆ ಬಂದಾಗಲೇ ಹೆಜ್ಜೆ ಎತ್ತುತ್ತಾರೆ. ದೊಡ್ಡವರು ಹಲಗೆ ಜೊತೆ ಗುದ್ದಾಡುತ್ತಾರೆ. ರಾಜ್ಯೋತ್ಸವದ ದಿನ ಸೀರೆ ಉಟ್ಟು ಬಂದ ಹೆಂಗಸರಿಗಾಗಿ ಗಾಳಿಯ ಪೈಪು ಮುಚ್ಚಿದೆವು, ಹಲಗೆಯ ಕ್ರ್ಯಾಂಕನ್ನು ಒಂದೂವರೆ ಇಂಚಿನ ತೂತಿಗೆ ಬದಲಿಸಿದೆವು. ನೆರಿಗೆ ಹಲಗೆಯ ಸಂದಿಗೆ ಬೀಳದಂತೆ ಸ್ವಿಚ್ಚಿನ ಹತ್ತಿರ ಮಾವ ನಿಂತೇ ಇದ್ದರು, ಊಟಕ್ಕೂ ಬರಲಿಲ್ಲ.

ಬಳಗದ ಒಬ್ಬ ಹುಡುಗಿ ಗಾಲಿಕುರ್ಚಿಯಲ್ಲಿ ಬರುತ್ತಾಳೆ ಅಂತ ಮೊದಲೇ ಗೊತ್ತಿತ್ತು. ಅವಳಿಗಾಗಿ ದಾರಿಯನ್ನು 36 ಇಂಚು ಅಗಲ ಇಟ್ಟು, ವಾಲಿದ ಕೋಣೆಯ ಗೋಡೆಯಲ್ಲಿ ಒಂದು ಕಿಟಕಿ ಬಿಟ್ಟಿದ್ದೆವು. ಆ ಕಿಟಕಿಯ ಚೌಕಟ್ಟನ್ನೂ ಕೋಣೆಯ ಜೊತೆ ವಾಲಿಸಿದ್ದೆವು. ಚೆಂಡಿನ ದೋಣಿ ಅವಳ ಕೈಗೆ ಸಿಗುವ ಎತ್ತರದಲ್ಲಿ. ಒಳಗೆ ನಿಂತವರು ಎಲ್ಲರೂ ಒಂದೇ ಕಡೆಗೆ ಓರೆಯಾಗಿ ನಿಂತದ್ದು ಹೊರಗಿನ ಅವಳಿಗೆ ಮಾತ್ರ ಕಾಣುತ್ತಿತ್ತು. ಅಲ್ಲಿಂದ ಕದಲಲೇ ಇಲ್ಲ ಅವಳು. ಉಳಿದ ಮಕ್ಕಳೂ ಸಾಲು ಬಿಟ್ಟು ಆ ಕಿಟಕಿಗೇ ಬಂದರು. ಮುಂದಿನ ಸಲ ಅದನ್ನು ಇನ್ನೂ ದೊಡ್ಡದು ಮಾಡಬೇಕು.

ಎಲ್ಲರೂ ಕೇಳಿದ್ದು, ಉರುಳುವ ಪೀಪಾಯಿ (ತಿರುಗುವ ದೊಡ್ಡ ಪೀಪಾಯಿಯೊಳಗೆ ನಡೆದು ದಾಟುವ ಆಟ) ಯಾವಾಗ ಅಂತ. ಸಿಡ್ನಿ ಲೂನಾ ಪಾರ್ಕಿನಲ್ಲಿ 1935ರ 'ಕೋನಿ ಐಲ್ಯಾಂಡ್' ಎಂಬ ಫನ್‌ಹೌಸ್ ಇನ್ನೂ ಇದೆ. ಅಲ್ಲಿ ಪೀಪಾಯಿ, ತಿರುಗುವ ಜಾಯ್ ವೀಲ್, ದೊಡ್ಡ ಜಾರುಬಂಡೆಗಳು ಎಲ್ಲ ಈಗಲೂ ನಡೆಯುತ್ತಿವೆ. ನೋಡಿದವರಿಗೆ ಆಸೆ ಆಗುವುದು ಸಹಜ. ಆದರೆ ಪೀಪಾಯಿಯಲ್ಲಿ ಬೀಳುವುದೇ ಆಟ. ಬಿದ್ದವರ ಮೇಲೆ ಇನ್ನೊಬ್ಬರು ಬೀಳುತ್ತಾರೆ. ಸದಾ ಒಬ್ಬ ಪಳಗಿದ ಆಳು ಪಕ್ಕದಲ್ಲೇ ಇರಬೇಕು. ಗರಾಜಿಗೆ ಅದು ಬೇಡ.

ಬಿಚ್ಚುವಾಗ

ಸ್ಕ್ರೂ ಕಡಿಮೆ, ಬೋಲ್ಟು ಜಾಸ್ತಿ ಹಾಕಿದ್ದರಿಂದ ಬಿಚ್ಚುವುದು ಸುಲಭವಾಯಿತು. ಪ್ರತಿ ಜೋಡಣೆಗೂ ಎರಡೂ ಕಡೆ ಒಂದೇ ಅಂಕೆ ಬರೆದಿದ್ದೇವೆ, ಕನ್ನಡ ಅಂಕೆಯಲ್ಲಿ, ಮಾವನ ಕೈಬರಹ. ಅಕ್ರಿಲಿಕ್ ಕನ್ನಡಿಗಳನ್ನು ಪಕ್ಕೆಯಿಂದ ಬಿಡಿಸಿ ಚಪ್ಪಟೆಯಾಗಿ ಮಲಗಿಸಿದೆವು, ಬಗ್ಗಿಸಿಯೇ ಇಟ್ಟರೆ ಅದು ಹಾಗೇ ನಿಂತುಬಿಡುತ್ತದೆ. ಬೆಲ್ಟನ್ನು ಪುಲ್ಲಿಯಿಂದ ತೆಗೆದು ಮೊಳೆಗೆ ನೇತುಹಾಕಿದೆವು. ಎಡ ಕ್ರ್ಯಾಂಕಿನ ಹಿತ್ತಾಳೆ ಬುಷ್ (ಪಿನ್ ತಿರುಗುವ ಕೊಳವೆ) ಸ್ವಲ್ಪ ಸವೆದಿದೆ, ಪಿನ್ ಹಿಡಿದು ಅಲ್ಲಾಡಿಸಿದರೆ ಕೈಗೆ ಗೊತ್ತಾಗುತ್ತದೆ. ಎಣ್ಣೆ ಬಿಡಲು ಒಂದು ತೂತು ಕೊರೆದು ಹೊಸದು ಹಾಕಬೇಕು, ಈ ಸಲ ಅದನ್ನು ತಾವೇ ಕಡೆದು ಕೊಡುತ್ತೇನೆ ಅಂದಿದ್ದಾರೆ ಮಾವ.

ಹತ್ತಿರದ ಶಾಲೆಯವರು ವಾಲಿದ ಕೋಣೆಯನ್ನು ವಿಜ್ಞಾನ ಮೇಳಕ್ಕೆ ಕೇಳಿದ್ದಾರೆ. ಆರು ಫಲಕ, ಒಂದು ಪಿಕಪ್ ಗಾಡಿಗೆ ಆಗುತ್ತದೆ, ಖಂಡಿತ ಕೊಡುತ್ತೇವೆ, ತೂಕದ ಗುಂಡಿನ ಸಮೇತ. ಶಫಲ್ ಹಲಗೆ ಮಾತ್ರ ಕೊಡುವುದಿಲ್ಲ. ಅದು ಹೋಗುವ ಕಡೆ ಸ್ವಿಚ್ಚಿನ ಪಕ್ಕ ನಾನೋ ಮಾವನೋ ಇರಬೇಕು.